ಹಕ್ಕಿ ಸುಲಿಯುವ ಚಾಚಾನ ಡಬ್ಬಿ

ಬಂದೂಕಿನ ಸಾಹೇಬರು ಕೆರೆ ಕೆರೆಗೂ ಡೇರೆ ಹಾಕಿ ಹಕ್ಕಿ ಹೊಡೆದು ತಮ್ಮ ದೇಶದ ಮ್ಯೂಸಿಯಮ್ಮಿಗೆಂದು ಕೂಡಿಸುತ್ತಿದ್ದ ಕಾಲವದು. ಅಪ್ಪ ಮಾಸೂರಿನ ಮದಗದ ಕೆರೆಯ ತೂಬು ಕಾಯುತ್ತಿದ್ದ. ಏರಿಯ ಮೇಲೆ ನಮ್ಮದೊಂದೇ ಮನೆ. ಚೌಕಾಬಾರ ಆಡಿದರೆ ಎರಡೂ ಕಡೆಯ ಕಾಯಿ ನಾನೇ ನಡೆಸಬೇಕು.

ಆ ಚಳಿಗಾಲ ಬಂದ ಸಾಹೇಬನ ಹತ್ತಿರ ಹಕ್ಕಿ ಸುಲಿಯಲು ಸವಣೂರಿನ ದಸ್ತಗೀರ ಚಾಚಾ ಇದ್ದರು. ಹುಣಸೆ ಮರದಡಿ ಕೂತು ಹೊಟ್ಟೆ ಸೀಳಿ, ನೆತ್ತರು ಹೀರಲೆಂದು ಜೋಳದ ಹಿಟ್ಟು ಉದುರಿಸಿ, ತೊಗಲು ಬಿಡಿಸಿ, ಒಳಗೆ ಡಬ್ಬಿಯ ಬಿಳಿ ಪುಡಿ ಸವರಿ ಅರಳೆ ತುಂಬುತ್ತಿದ್ದರು. ತೊಯ್ದ ಗರಿಯ ನಾತದಲ್ಲೂ ನಾನು ಕದಲುತ್ತಿರಲಿಲ್ಲ, ಅಲ್ಲಿ ಮಾತಿತ್ತು.

“ಏನವಾ, ಇವತ್ತೂ ಆಟ ನೀನ ಗೆದ್ದ್ಯಾ?”

“ನಾನ ಗೆದ್ದೆ, ನಾನ ಸೋತೆ.”

ಹಿಟ್ಟು ನಮ್ಮ ಮನೆಯದು. ಅವ್ವ ಬೋಗುಣಿಯಲ್ಲಿ ಕಳಿಸುತ್ತಿದ್ದಳು. ಒಂದು ಸಂಜೆ ಚಾಚಾ ಕೈ ತೊಳೆಯಲು ಕೆರೆಗಿಳಿದಾಗ ಬೋಗುಣಿ ಖಾಲಿಯಾಗಿತ್ತು. ಈಸಿಕೊಂಡ ಪಾತ್ರೆಯನ್ನು ಖಾಲಿ ಮರಳಿಸುವುದು ನಮ್ಮಲ್ಲಿ ಅಪಶಕುನ. “ಡಬ್ಬಿ ಸಾಹೇಬರದು, ಮುಟ್ಟಬ್ಯಾಡ” ಎಂದಿದ್ದರು ಚಾಚಾ, ಒಳಗಿರುವುದೇನೆಂದು ಹೇಳಿರಲಿಲ್ಲ. ಸಾಹೇಬರ ಗೋದಿಹಿಟ್ಟೆಂದುಕೊಂಡು ಒಂದು ಹಿಡಿ ಹಾಕಿಕೊಂಡು ಮನೆಗೆ ಓಡಿದೆ.

“ಯಾರ್ ಕೊಟ್ಟ್ರು?” ಅಂದಳು ಅವ್ವ.

“ಚಾಚಾ.”

ಅವಳು ಅದನ್ನು ಜೋಳದ ಹಿಟ್ಟಿಗೆ ಬೆರೆಸಿ ರೊಟ್ಟಿ ಬಡಿದಳು. ಅಪ್ಪ ಒಂದು ತುಣುಕು ಮುರಿದು ಪುಂಡಿಪಲ್ಯ ಹಚ್ಚಿಕೊಂಡ. ಅಷ್ಟರಲ್ಲಿ ಚಾಚಾ ಒಲೆಯ ತನಕ ನುಗ್ಗಿ ಬಂದರು. ಪುಡಿಯಲ್ಲಿ ನನ್ನ ಬೆರಳಿನ ಗುರುತು ಕಂಡಿರಬೇಕು.

“ಏ ಸಾಬ್ರ, ಅಡಗಿಮನಿಯಾಗ ಎಲ್ಲಿಗೆ ಬಂದ್ರಿ!” ಅವ್ವ ಚೀರಿದಳು.

ಚಾಚಾ ಅಪ್ಪನ ಕೈಗೆ ಹೊಡೆದು ತುತ್ತು ಬೀಳಿಸಿದರು. “ತಿನಬ್ಯಾಡ್ರಿ! ಪಾಷಾಣ ಐತ್ರಿ ಅದರಾಗ! ತೊಗಲಿಗೆ ಹುಳ ಹತ್ತಬಾರ್ದಂತ ಹಚ್ಚೂದು!”

“ನೀವ ಕೊಟ್ಟೀರಂತಲ್ರಿ?” ಅಂದಳು ಅವ್ವ.

ಚಾಚಾ ನನ್ನ ಕಡೆ ನೋಡಿದರು. ನಾನು ಅವ್ವನ ಸೆರಗಿನ ಹಿಂದೆ ಸರಿದೆ.

“ಹೌದ್ರಿ. ಹಿಟ್ಟಂತ ತಿಳದು ನಾನ ಹಾಕಿದೆ” ಅಂದರು ಚಾಚಾ.

ಹೊರಗೆ ಕರೆದು ನನ್ನ ಕೈಗೆ ಬೂದಿ ಹಚ್ಚಿ ತಿಕ್ಕಿ ತಿಕ್ಕಿ ತೊಳೆದರು. ಬೈಯಲಿಲ್ಲ. ಮರುದಿನ ಸುದ್ದಿ ತಿಳಿದು ಸಾಹೇಬ ಅವರನ್ನು ಕೆಲಸದಿಂದ ತೆಗೆದ. ಗಂಟು ಹೊತ್ತು ಏರಿಯ ಮೇಲೆ ಹೋಗುವುದನ್ನು ಬಾಗಿಲ ಸಂದಿಯಿಂದ ನೋಡಿದೆ.

ಧಾರವಾಡದ ಕಾಲೇಜಿನಲ್ಲಿ ಪಾಷಾಣದ, ಅಂದರೆ ಆರ್ಸೆನಿಕ್ಕಿನ ಪಾಠ ಬಂದ ದಿನ ತರಗತಿಯಿಂದ ಎದ್ದು ಹೊರಗೆ ಹೋದೆ. ರಜೆಯಲ್ಲಿ ಸವಣೂರಿಗೆ ಹೋಗಿ ವಿಚಾರಿಸಿದರೆ ಚಾಚಾ ತೀರಿಕೊಂಡು ಎರಡು ವರ್ಷವಾಗಿತ್ತು. ಇಂದಿಗೂ ಎದುರಿಗೆ ಕೂತವರ ಮೊದಲ ತುತ್ತು ಗಂಟಲಿಗಿಳಿಯುವ ತನಕ ನಾನು ಉಸಿರು ಬಿಡುವುದಿಲ್ಲ.

“ಆ ಸಾಬ ನಮ್ಮನ್ನ ಕೊಂದ ಬಿಡ್ತಿದ್ದ” ಎಂದು ಅಪ್ಪ ಕೊನೆಯವರೆಗೂ ಹೇಳುತ್ತಿದ್ದ. ಅವ್ವ ಹೂಂಗುಡುತ್ತಿದ್ದಳು. ನಾನು ತಲೆ ತಗ್ಗಿಸಿ ಉಣ್ಣುತ್ತಿದ್ದೆ. ಈಗ ನಿಜ ಹೇಳುವ ಧೈರ್ಯ ಬಂದಿದೆ. ಕೇಳಬೇಕಾಗಿದ್ದ ಮೂವರಲ್ಲಿ ಒಬ್ಬರೂ ಇಲ್ಲ.