ಹೊಗೆಸೊಪ್ಪಿನ ಹಳದಿ

ನನಗೆ ಮೂಗಿನ ತುದಿಯಲ್ಲೇ ಕೋಪ. ಹನಗೋಡಿನ ಹತ್ತಿರದ ಶಾಲೆಗೆ ಚಿತ್ರಕಲೆ ಕಲಿಸಲು ಸೇರಿದ ಮೊದಲ ತಿಂಗಳೇ ಹಸಿರು ಬಣ್ಣದ ಬಾಟಲಿಗಳನ್ನೆಲ್ಲ ಬೀರುವಿಗೆ ಹಾಕಿ ಬೀಗ ಜಡಿದೆ. ಮರ, ಗದ್ದೆ, ಗಿಣಿ, ಎಲ್ಲಕ್ಕೂ ಮಕ್ಕಳು ಒಂದೇ ಹಸಿರು ಬಳಿಯುತ್ತಿದ್ದರು. "ಹಳದಿ, ನೀಲಿ, ಕೆಂಪು. ಮೂರೇ. ಉಳಿದದ್ದನ್ನು ನೀವೇ ಕಲಸಿಕೊಳ್ಳಿ" ಎಂದೆ. ಎರಡು ವಾರ ಎಲ್ಲರ ಹಾಳೆಯಲ್ಲೂ ಬರೀ ಕೆಸರು. ನಾನು ಜಗ್ಗಲಿಲ್ಲ.

ಆರನೇ ತರಗತಿಯ ಒಬ್ಬ ಹುಡುಗಿ ಮಾತ್ರ ಬಣ್ಣ ಕಲಸುವ ಮೊದಲೇ ಹಾಳೆ ಕಪ್ಪು ಮಾಡುತ್ತಿದ್ದಳು. ಮುಟ್ಟಿದಲ್ಲೆಲ್ಲ ಬೆರಳಿನ ಗುರುತು. ಒಂದು ದಿನ ಎಲ್ಲರೆದುರು ರೇಗಿದೆ: "ಮೊದಲು ಕೈ ತೊಳೆದುಕೊಂಡು ಬಾ, ಆಮೇಲೆ ಕುಂಚ ಮುಟ್ಟು." ಹೋದವಳು ತಿರುಗಿ ಬರಲಿಲ್ಲ. ಹೊರಗೆ ಹೋಗಿ ನೋಡಿದರೆ ನಲ್ಲಿಯ ಹತ್ತಿರ ಕೂತು ಮರಳಿನಿಂದ ಅಂಗೈ ಉಜ್ಜುತ್ತಿದ್ದಳು. ಚರ್ಮ ಕೆಂಪಾಗಿತ್ತು, ಕಪ್ಪು ಹಾಗೇ ಇತ್ತು. ಅದು ಹೊಗೆಸೊಪ್ಪು ಮುರಿಯುವ ಕಾಲ. ಅದರ ಅಂಟು ಕೈಗೆ ಹತ್ತಿದರೆ ಸೋಪಿಗೂ ಹೋಗದು ಎಂಬುದು ಊರಿಗೆಲ್ಲ ಗೊತ್ತು. ಮೈಸೂರಿನಿಂದ ಬಂದ ನನಗೆ ಗೊತ್ತಿರಲಿಲ್ಲ. ನಾಚಿಕೆಯಾಯಿತು.

ಅಂದಿನಿಂದ ನನ್ನ ತರಗತಿಯಲ್ಲಿ ಅವಳು ಮೂಲೆ ಸೇರಿ ಕೈಕಟ್ಟಿ ಕೂರುತ್ತಿದ್ದಳು. ಕರೆದರೆ, "ನಂಗ್ ಬರಕಿಲ್ಲ ಮಿಸ್." ಅಷ್ಟೇ. ಆ ಕೈಯಿಂದ ಕುಂಚ ಕಿತ್ತುಕೊಂಡವಳು ನಾನು. ವಾಪಸು ಕೊಡದೆ ಬಿಡುವುದಿಲ್ಲ ಎಂದು ಹಟ ಹಿಡಿದೆ.

ಒಂದು ಭಾನುವಾರ ಅವಳ ಮನೆಗೇ ಹೋದೆ. ಜಗಲಿಯ ಮೇಲೆ ತಾಯಿ, ಮಗಳು ಬ್ಯಾರನ್ನಿನಲ್ಲಿ, ಅಂದರೆ ಸೊಪ್ಪು ಹದಮಾಡುವ ಬಿಸಿಗೂಡಿನಲ್ಲಿ, ಬೇಯಿಸಿ ಇಳಿಸಿದ ಸೊಪ್ಪನ್ನು ಬಣ್ಣ ನೋಡಿ ಗುಡ್ಡೆ ಮಾಡುತ್ತಿದ್ದರು. "ಕುಂತ್ಕಳಿ ಮಿಸ್, ಕಾಪಿ ಕಾಯಿಸ್ತೀನಿ" ಎಂದು ತಾಯಿ ಒಳಗೆ ಹೋದರು. ಸುಮ್ಮನಿರಲಾರದೆ ನಾನೂ ಒಂದು ಎಲೆ ತೆಗೆದು ಹಳದಿ ಗುಡ್ಡೆಗೆ ಹಾಕಿದೆ. ಹುಡುಗಿ ತಲೆ ಎತ್ತದೆ ಅದನ್ನು ಪಕ್ಕದ ಗುಡ್ಡೆಗೆ ಸರಿಸಿದಳು. ಇನ್ನೊಂದು ಹಾಕಿದೆ. ಅದನ್ನೂ ಸರಿಸಿದಳು. ನನ್ನ ಕಣ್ಣಿಗೆ ಎಲ್ಲವೂ ಒಂದೇ ಹಳದಿ. ಅವಳ ಮುಂದೆ ಐದು ಗುಡ್ಡೆಗಳಿದ್ದವು.

ಬರುವಾಗ ಕೇಳಿ ತಂದ ಒಂದು ಎಲೆಯನ್ನು ಮರುದಿನ ತರಗತಿಯ ಮೇಜಿನ ಮೇಲಿಟ್ಟೆ. "ಅವತ್ತು ಕೈ ತೊಳಿ ಅಂದು ಬೈದದ್ದು ನನ್ನ ತಪ್ಪು" ಎಂದು ಎಲ್ಲರೆದುರೇ ಹೇಳಿದೆ. ಆಮೇಲೆ ಆ ಎಲೆಯ ಬಣ್ಣ ಕಲಸಲು ಕೂತೆ. ತಟ್ಟೆಯಲ್ಲಿ ಬಂದದ್ದು ನಿಂಬೆಹಣ್ಣಿನ ಹಳದಿ.

"ಸರಿಯಾಗೈತೆ ಮಿಸ್" ಎಂದ ಮುಂದಿನ ಸಾಲಿನ ಹುಡುಗ.

"ಎಲ್ ಸರಿಯಾಗೈತೆ ಕಣ್ಲಾ? ಅದಿನ್ನೂ ಬೆಂದಿಲ್ಲ" ಎಂದಿತು ಮೂಲೆಯ ದನಿ.

ನಾನು ತಟ್ಟೆಯನ್ನು ಅವಳತ್ತ ಚಾಚಿದೆ. ತುಂಬಾ ಹೊತ್ತು ಹಾಗೇ ಹಿಡಿದಿದ್ದೆ, ತೋಳು ನೋಯುತ್ತಿತ್ತು. ಕೊನೆಗೆ ಎದ್ದು ಬಂದಳು. ಬೆರಳಲ್ಲೇ ಒಂದಿಷ್ಟು ಕೆಂಪು ಸೇರಿಸಿದಳು, ಸೂಜಿಮೊನೆಯಷ್ಟು ನೀಲಿ. ಹಾಳೆಯ ಮೇಲೆ ದಪ್ಪಗೆ ಬಳಿದು, ಕುಂಚದ ಹಿಂಬದಿಯಿಂದ ಗೀರಿ ನರಗಳನ್ನು ಎಬ್ಬಿಸಿದಳು. ಕುಂಚ ಒರೆಸಲು ಇಟ್ಟಿದ್ದ ಗೋಣಿಚೀಲದ ಚೂರನ್ನು ಒತ್ತಿ ತೆಗೆದಾಗ ಒಣಗಿದ ಸೊಪ್ಪಿನ ಸುಕ್ಕು ಮೂಡಿತ್ತು. ಮಕ್ಕಳೆಲ್ಲ ಸುತ್ತ ಮುತ್ತಿಕೊಂಡು ಹೋ ಎಂದರು.

ಅವಳು ಮಾತ್ರ ಚಿತ್ರವನ್ನು ಒಮ್ಮೆ, ಎಲೆಯನ್ನು ಒಮ್ಮೆ ನೋಡಿ ಮೂತಿ ತಿರುವಿದಳು.

"ಇದ್ ಕೆಟ್ಟೋಯ್ತು. ಇನ್ನೊಂದ್ ಆಳೆ ಕೊಡಿ ಮಿಸ್."