ಗಿರಣಿಯ ಸದ್ದಿನ ಕಾರು

ಆಗಿನ ದಿನಗಳಲ್ಲಿ ನಮ್ಮೂರು ತಾಂಬಾದ ಹೆಣ್ಣುಮಕ್ಕಳು ನಮ್ಮ ಹಿಟ್ಟಿನ ಗಿರಣಿಯ ಸದ್ದಿಗೆ ಒಂದು ಕಿವಿ ಕೊಟ್ಟುಕೊಂಡೇ ಬದುಕು ಮಾಡುತ್ತಿದ್ದರು. ಗಿರಣಿಯ ಎಣ್ಣೆ ಇಂಜಿನ್ನು ಟುಕ್ ಟುಕ್ ಎಂದು ಶುರುವಾಯಿತೋ, ಕೈಯಲ್ಲಿದ್ದ ಕೆಲಸ ಅಲ್ಲೇ ಬಿಟ್ಟು, ಜೋಳದ ಬುಟ್ಟಿ ತಲೆಗೇರಿಸಿ ಹೊರಟೇಬಿಡುತ್ತಿದ್ದರು. ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಇಂಜಿನ್ನು ಕ್ರೂಡಾಯಿಲ್ ಮೇಲೆ ನಡೆಯುತ್ತಿತ್ತು. ಡೀಸೆಲ್ ಎಂಬ ಹೆಸರು ಇನ್ನೂ ನಮ್ಮೂರ ಬಾಯಿಗೆ ಹತ್ತಿರಲಿಲ್ಲ. ಬಿಸಿ ಹಿಟ್ಟಿನ ಘಮ, ಎಣ್ಣೆಯ ಹೊಗೆ, ಎರಡೂ ಕೂಡಿದ ಆ ವಾಸನೆ ಉಂಡವರಿಗೆ ನಾನು ವಿವರಿಸಬೇಕಿಲ್ಲ. ಉಣ್ಣದವರಿಗೆ ಎಷ್ಟು ಹೇಳಿದರೂ ಅಷ್ಟೇ.

ಗಿರಣಿ ನಮ್ಮಪ್ಪನದು. ಮನೆಯಲ್ಲಿ ಅಪ್ಪ, ಅವ್ವ, ನಾನು, ತಂಗಿ ಕಸ್ತೂರಿ, ಮತ್ತು ಆಯಿ. ಆಯಿ ಅಂದರೆ ಅಪ್ಪನ ತಾಯಿ. ನಾನು ನಾಲ್ಕನೆಯ ಇಯತ್ತೆಯಲ್ಲಿದ್ದೆ, ಕಸ್ತೂರಿಗೆ ಆರು ವರ್ಷ. ಅದಕ್ಕೆ ಎರಡು ವರ್ಷ ಹಿಂದೆ ಆಯಿ ಬಾವಿಯ ಪಾವಟಿಗೆಯ ಮೇಲೆ ಜಾರಿ ಬಿದ್ದು ಟೊಂಕದ ಎಲುಬು ಮುರಿದುಕೊಂಡಿದ್ದಳು. ಕಟ್ಟು ಹಾಕಿಸಿದರೂ ಅದು ಸೀದಾ ಕೂಡಲಿಲ್ಲ. ಬಸ್ಸಿನ ಮೆಟ್ಟಿಲು ಏರಲು ಆಗದು. ಚಕ್ಕಡಿಯಲ್ಲಿ ಕೂರಿಸಿದರೆ ಊರ ಅಗಸಿಬಾಗಿಲು ದಾಟುವುದರೊಳಗೆ ನೋವಿಗೆ ಕಣ್ಣೀರು ಬರುತ್ತಿತ್ತು.

ಅವಳು ಬಿದ್ದು ತಿಂಗಳಾಗಿರಲಿಲ್ಲ, ಇಂಗಳೇಶ್ವರದಲ್ಲಿ ಅವಳ ಒಬ್ಬಳೇ ತಂಗಿ ಗುರವ್ವನ ಗಂಡ ತೀರಿಕೊಂಡ. ಆಯಿಗೆ ಹೋಗಲಾಗಲಿಲ್ಲ. ಅಪ್ಪನೊಬ್ಬನೇ ಹೋಗಿ ಎಲ್ಲ ಬಿಡಿಸಿ ಹೇಳಿದ. ಆ ಮುದುಕಿ ನಂಬಲಿಲ್ಲ. "ಎಲ್ಲಾ ನೆಪ. ನನ್ನ ಗಂಡನ ಮಣ್ಣಿಗೆ ಬರದಾಕಿ ನನ್ನ ಮಣ್ಣಿಗೂ ಬರೂದು ಬ್ಯಾಡ ಅಂತ ಹೇಳು ನಿಮ್ಮವ್ವಗ," ಅಂದು ಒಳಗೆ ಹೋದಳಂತೆ. ಅಪ್ಪ ಆ ಮಾತನ್ನು ನುಂಗಿಕೊಳ್ಳಬೇಕಿತ್ತು. ನಮ್ಮಪ್ಪನ ಹೊಟ್ಟೆಯಲ್ಲಿ ಮಾತು ನಿಲ್ಲುತ್ತಿರಲಿಲ್ಲ, ಬಂದವನೇ ಹೇಳಿಬಿಟ್ಟ. ಅಂದಿನಿಂದ ಮನೆಯಲ್ಲಿ ಹೋಳಿಗೆ ಮಾಡಿದ ದಿನ ಆಯಿ ಮೊದಲನೆಯದನ್ನು ತಿನ್ನದೆ ತಟ್ಟೆಯ ಅಂಚಿಗೆ ತೆಗೆದಿಡುತ್ತಿದ್ದಳು. ಗುರವ್ವನಿಗೆ ಹೋಳಿಗೆ ಅಂದರೆ ಪ್ರಾಣ.

ಆ ವರ್ಷ ಜೋಳ ಮೊಣಕಾಲುದ್ದ ಬೆಳೆದ ಕಾಲಕ್ಕೆ ಅಪ್ಪ ಏನೋ ಕೆಲಸಕ್ಕೆ ಸಿಂದಗಿ ಕಡೆಯ ಒಂದು ಹಳ್ಳಿಗೆ ಹೋದ. ಅಲ್ಲಿ ಒಬ್ಬ ದೇಸಾಯರ ವಾಡೆ. ದನದ ಕೊಟ್ಟಿಗೆಯಲ್ಲಿ ಜೋಳದ ಕಣಿಕೆಯ ಬಣವೆಯ ಹಿಂದೆ ಒಂದು ಕರಿ ಕಾರು ನಿಂತಿತ್ತು. ಜರ್ಮನಿಯದು. ತೀರಿಹೋದ ಹಿರೇ ದೇಸಾಯರು ಮುಂಬಯಿಯಿಂದ ತರಿಸಿದ್ದು. ಅವರು ಹೋದ ಮೇಲೆ ಅದೂ ನಿಂತಿತ್ತು. ಹಿಂದಿನ ಸೀಟಿನ ಮೇಲೆ ಕೋಳಿ ಕಾವು ಕೂತಿತ್ತು. ಅಪ್ಪ ಕುತೂಹಲಕ್ಕೆ ಬಾಗಿಲು ತೆರೆದು ಕೋಳಿಯ ಮಗ್ಗುಲಲ್ಲಿ ಕೂತ. ಬಾಗಿಲು ತಗ್ಗು, ಸೀಟು ಮೆತ್ತಗೆ. ಎದ್ದವನೇ ಮಾರುತ್ತೀರಾ ಎಂದು ಕೇಳಿದ.

ನಮ್ಮ ಕಿಲಾರಿ ಎತ್ತಿನ ಜೋಡಿ ಕೊಟ್ಟು ಆ ಕಾರು ತಂದ. ಅದು ನಡೆಯುತ್ತಿರಲಿಲ್ಲವಲ್ಲ, ಅದನ್ನು ಎಳೆದು ತಂದವೂ ಅವೇ ಎತ್ತುಗಳು! ಮಿಣಿಹಗ್ಗ ಕಟ್ಟಿಕೊಂಡು ಎರಡು ದಿನ ಎಳೆದು, ನಮ್ಮ ಗಿರಣಿಯ ಮುಂದೆ ಬಿಟ್ಟು, ನೀರು ಕುಡಿದು, ದೇಸಾಯರ ಆಳಿನ ಹಿಂದೆ ನಡೆದುಹೋದವು. ಊರೆಲ್ಲ ನೆರೆದಿತ್ತು. "ಎತ್ತು ಕೊಟ್ಟು ತಗಡು ತಂದಾನ ನೋಡ್ರಿ," ಎಂದು ಒಬ್ಬ ಅಂದದ್ದು ಅವ್ವನ ಕಿವಿಗೂ ಬಿತ್ತು. ಅವ್ವ ಎರಡು ದಿನ ಅಪ್ಪನ ಜೊತೆ ಮಾತು ಬಿಟ್ಟಳು. ತಟ್ಟೆಯನ್ನು ಮಾತ್ರ ಜೋರಾಗಿ ಇಡುತ್ತಿದ್ದಳು.

ಆಯಿ ಕಟ್ಟೆಯ ಮೇಲೆ ಕೂತು ಕಾರನ್ನು ಮೇಲಿಂದ ಕೆಳಗೆ ನೋಡಿದಳು.

"ಏನ್ ಹೇರತಿಯೋ ಇದರಾಗ?"

"ನಿನ್ನ ಹೇರತೇನಿ," ಅಂದ ಅಪ್ಪ. "ಇಂಗಳೇಶ್ವರಕ್ಕ ಒಯ್ತೇನಿ."

ಆಯಿ ಸೆರಗಿನಿಂದ ಮೂಗು ಒರೆಸಿಕೊಂಡು ನನ್ನನ್ನು ಬೈದಳು, ಬಿಸಿಲಲ್ಲಿ ಯಾಕೆ ನಿಂತಿದ್ದೀ ಎಂದು.

ಕಾರಿಗೆ ಜೀವ ಬರಿಸುವ ಕೆಲಸ ಖಾಜಾ ಕಾಕಾನ ಪಾಲಿಗೆ ಬಂತು. ಗಿರಣಿಯ ಇಂಜಿನ್ನು, ಸುತ್ತಲಿನ ಬಾವಿಗಳ ಪಂಪು, ಎಲ್ಲಕ್ಕೂ ಅವನೇ ವೈದ್ಯ. ತಿರುಪು ಬಿಗಿಯುವ ಉದ್ದನೆಯ ಪೇಚಕಸಿಯ ಒಂದು ತುದಿ ಇಂಜಿನ್ನಿಗೆ ಇಟ್ಟು, ಇನ್ನೊಂದು ತುದಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ ಕೇಳುತ್ತಿದ್ದ. "ನಾ ಮೋಟಾರು ಕಂಡಾವಲ್ರಿ," ಎಂದು ಅಪ್ಪನಿಗೆ ಮೊದಲೇ ಕೈಮುಗಿದ. ಆದರೂ ಬಾನೆಟ್ಟು ಎತ್ತಿದ. ಬಗ್ಗಿ ಬಹಳ ಹೊತ್ತು ನೋಡಿದ. ಎಣ್ಣೆ ಟಾಕಿಯ ಮುಚ್ಚಳ ತೆಗೆದು ಮೂಸಿ, ಜೋರಾಗಿ ನಗಲು ಶುರುಮಾಡಿದ.

"ಸಾವಕಾರ್ರ, ಇದು ನಮ್ಮ ಗಿರಣಿ ಜಾತೀದ್ರಿ! ಕ್ರೂಡಾಯಿಲ್ ಕುಡಿಯೂ ಗಾಡಿ. ಇದಕ್ಕ ಪೆಟ್ರೋಲ್ ಕುಡಿಸ್ಯಾರ!"

ಆಮೇಲೆ ತಿಳಿಯಿತು. ಹಿರೇ ದೇಸಾಯರು ತೀರಿಕೊಂಡ ಮೇಲೆ ಮನೆಯವರಿಗೆ ಮನಸ್ಸು ಒಪ್ಪಿರಲಿಲ್ಲ. ಇಷ್ಟು ದೊಡ್ಡ ಕಾರು, ಅಂಥ ಹಿರಿಯರ ಕಾರು, ಬಾವಿಯ ಪಂಪು ಕುಡಿಯುವ ಎಣ್ಣೆಯನ್ನು ಕುಡಿಯುವುದೇ? ಮರ್ಯಾದೆಯಿಂದ ಪೆಟ್ರೋಲು ತುಂಬಿಸಿದ್ದರು. ಮರ್ಯಾದೆ ಹೆಚ್ಚಾಗಿ ಕಾರು ಕೆಟ್ಟಿತ್ತು.

ಖಾಜಾ ಕಾಕಾ ಎಣ್ಣೆ ತಳ್ಳುವ ಪಂಪನ್ನು ಬಿಚ್ಚಿ ಬಟ್ಟೆಯಲ್ಲಿ ಸುತ್ತಿ, ಹಸುಗೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಸೊಲ್ಲಾಪುರಕ್ಕೆ ರೈಲಿನಲ್ಲಿ ಒಯ್ದು ರಿಪೇರಿ ಮಾಡಿಸಿ ತಂದ. ಉಳಿದದ್ದನ್ನೆಲ್ಲ ನಮ್ಮ ಅಂಗಳದಲ್ಲೇ ಸೀಮೆಎಣ್ಣೆಯಲ್ಲಿ ತೊಳೆದು ಗೋಣಿತಟ್ಟಿನ ಮೇಲೆ ಒಣಗಲು ಹರವಿದ. ಅದರ ಮಗ್ಗುಲಲ್ಲೇ ಅವ್ವನ ಶೇಂಗಾ ಒಣಗುತ್ತಿತ್ತು. ಅವ್ವ ದಿನಾ ಗೊಣಗುತ್ತಿದ್ದಳು, ಆದರೆ ಒಂದು ಮಧ್ಯಾಹ್ನ ಹರಿದ ಸೀಟಿನ ಅಳತೆಯನ್ನು ಗೇಣು ಹಾಕಿ ನೋಡುತ್ತಿದ್ದದ್ದನ್ನು ನಾನು ಕಂಡೆ. ಹಳೆಯ ಇಳಕಲ್ಲ ಸೀರೆಗಳನ್ನು ಕೂಡಿಸಿ ಸೀಟಿಗೊಂದು ಕೌದಿ ಹೊಲಿಯತೊಡಗಿದಳು. ಸಿಟ್ಟು ಎಲ್ಲಿ ಹೋಯಿತೆಂದು ಅಪ್ಪ ಕೇಳಲಿಲ್ಲ. ಅಷ್ಟು ಬುದ್ಧಿ ಅವನಿಗಿತ್ತು.

ನನಗೂ ಕಸ್ತೂರಿಗೂ ಆ ಎರಡು ತಿಂಗಳು ಹಬ್ಬ. ಹಿಂದಿನ ಸೀಟೇ ನಮ್ಮ ಮನೆ. ಅಲ್ಲೇ ಆಣೆಕಲ್ಲಿನ ಆಟ, ಅಲ್ಲೇ ಗೊಂಬೆಯ ಮದುವೆ. ಹೊಲದಿಂದ ತಂದ ಬಿಸಿ ಸೀತನಿಯನ್ನು, ಸುಟ್ಟು ಬಡಿದ ಆ ಹಸಿ ಜೋಳವನ್ನು, ಬೆಲ್ಲದ ಜೊತೆ ಅಲ್ಲೇ ಮುಕ್ಕುತ್ತಿದ್ದೆವು. ಕೋಳಿ ಹಿಕ್ಕೆಯ ವಾಸನೆ ಎಷ್ಟು ತೊಳೆದರೂ ಹೋಗಿರಲಿಲ್ಲ. ನಮಗೆ ಅದೇನೂ ಅನಿಸುತ್ತಿರಲಿಲ್ಲ. "ಅಕ್ಕಾ, ದೊಡ್ಡಾಕಿ ಆದ ಮ್ಯಾಲ ನಾವಿಬ್ರೂ ಇದರಾಗ ಇರೂಣು," ಎನ್ನುತ್ತಿದ್ದಳು ಕಸ್ತೂರಿ. ಹೂಂ ಎನ್ನುತ್ತಿದ್ದೆ.

ಎಳ್ಳ ಅಮಾವಾಸ್ಯೆ ಕಳೆದು ಒಂದು ಸೋಮವಾರ, ಗಿರಣಿಗೆ ರಜೆ. ಖಾಜಾ ಕಾಕಾ ಸ್ಟೀರಿಂಗಿನ ಹಿಂದೆ ಕೂತು ನನ್ನನ್ನು ಪಕ್ಕಕ್ಕೆ ಕರೆದ. ಮುಂದೆ ಹಲಗೆಯಲ್ಲಿ ಬಟಾಣಿಯಷ್ಟು ದೊಡ್ಡ ತೂತು, ಅದರೊಳಗೆ ಸಣ್ಣ ತಂತಿ. "ಇದರ ಕಣ್ಣು ಕೆಂಪಗಾತು ಅಂದ್ರ ಹೇಳು ಯವ್ವಾ. ಅಲ್ಲೀತನಕ ಇಂಜಿನ್ನಿಗೆ ಕಾವು ಏರಬೇಕು." ನಾನು ರೆಪ್ಪೆ ಬಡಿಯದೆ ನೋಡಿದೆ. ಕಪ್ಪು ತಂತಿ ಕಂದಾಯಿತು, ಕೆಂಪಾಯಿತು. "ಆತು ಕಾಕಾ!" ಎಂದು ಕಿರುಚಿದೆ. ಕಾರು ಕೆಮ್ಮಿತು, ಕರಿ ಹೊಗೆ ಬಿಟ್ಟಿತು, ಮತ್ತೆ ಕೆಮ್ಮಿ, ಟುಕ್ ಟುಕ್ ಟುಕ್ ಎಂದು ಹಿಡಿಯಿತು.

ಅವ್ವ ಕೈತುಂಬ ಹಿಟ್ಟು ಮೆತ್ತಿಕೊಂಡೇ ಹೊರಗೆ ಬಂದಳು. "ಇವತ್ತ ಗಿರಣಿ ಬಂದ್ ಅಲ್ಲೇನ್ರಿ? ಯಾರ್ ಚಾಲೂ ಮಾಡಿದ್ರು?"

ಖಾಜಾ ಕಾಕಾ ಕಾರಿನೊಳಗೇ ಕೂತು ಅಳುತ್ತಿದ್ದ. ಗಂಡಸರು ಅಳುವುದನ್ನು ನಾನು ಅದೇ ಮೊದಲು ನೋಡಿದ್ದು.

ಎರಡು ದಿನ ಬಿಟ್ಟು ಹೊರಟೆವು. ಆ ಎರಡು ದಿನ ಊರ ಬಯಲಲ್ಲಿ ನಡೆಸಿ ಕೈ ಕುದುರಿಸಿಕೊಂಡ ಖಾಜಾ ಕಾಕಾ ಸ್ಟೀರಿಂಗಿಗೆ, ಅವನ ಮಗ್ಗುಲಲ್ಲಿ ಅಪ್ಪ, ಅವ್ವ ಮನೆ ಕಾಯಲು ಉಳಿದಳು. ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆಯ ಗಂಟು, ಕೌದಿಯ ಮೇಲೆ ಕಾಲು ಚಾಚಿ ಆಯಿ, ಅವಳ ಕಾಲ ಬುಡದಲ್ಲಿ ನಾವಿಬ್ಬರು. ಹಿಪ್ಪರಗಿ ದಾಟುವವರೆಗೆ ಆಯಿ ಖುಷಿಯಾಗಿದ್ದಳು. ಆಮೇಲೆ ಅಪ್ಪನ ಸೀಟಿನ ಬೆನ್ನು ತಟ್ಟಿದಳು.

"ಚನಬಸು, ಆಕಿ ನನ್ನ ನೋಡಿ ಬಾಗಲಾ ಹಾಕ್ಕೊಂಡ್ರ?"

ಅಪ್ಪ ಹಿಂದಕ್ಕೆ ಹೊರಳಿ ನೀರಿನ ತಂಬಿಗೆ ಚಾಚಿದ.

"ಸಣ್ಣಾಕಿದ್ದಾಗಿಂದ ಹಂಗ ಆಕಿ. ಸಿಟ್ಟ ಬಂದ್ರ ಕದಾ ಹಾಕಿ ಅಗಳಿ ಏರಸತಿದ್ಲು. ಎರಡ ವರ್ಷದ ಸಿಟ್ಟು ಐತಿ ಈಗ. ನಾ ಇಳದು ಹೋಗಿ ಕದಾ ಬಡ್ಯಾಕರ ಆಗತೈತೇನು ನನಗ?" ಆಯಿ ಹೋಳಿಗೆಯ ಗಂಟನ್ನು ಬಿಚ್ಚಿ, ಎಣಿಸಿ, ಮತ್ತೆ ಕಟ್ಟಿದಳು.

ಬಾಗೇವಾಡಿಯಲ್ಲಿ ಚಹಾದ ಅಂಗಡಿಯ ಮುಂದೆ ನಿಲ್ಲಿಸಿದೆವು. ಇಂಜಿನ್ನು ಬಂದ್ ಮಾಡಲಿಲ್ಲ, ಮತ್ತೆ ಹತ್ತುತ್ತದೋ ಇಲ್ಲವೋ ಎಂದು ಖಾಜಾ ಕಾಕಾನಿಗೆ ಭಯ. ಅಂಗಡಿಯವನು ಕಾಕಾನ ಎಣ್ಣೆ ಮೆತ್ತಿದ ಕೈ ನೋಡಿ, "ಇಂಗಳೇಶ್ವರದ ಗಿರಣಿ ರಿಪೇರಿಗೆ ಹೊಂಟೀರೇನ್ರಿ? ಹದಿನೈದು ದಿನ ಆತು ಬಂದ್ ಬಿದ್ದು. ಹೆಣ್ಮಕ್ಕಳು ಬೀಸೂಕಲ್ಲ ತಿರಿವಿ ತಿರಿವಿ ಸತ್ತು ಹೋಗ್ಯಾರ," ಅಂದ. ಕಾಕಾ ಇಲ್ಲವೆಂದು ತಲೆ ಅಲ್ಲಾಡಿಸಿದ. ಆ ಮಾತನ್ನು ನಾವಾರೂ ಮನಸ್ಸಿಗೆ ಹಾಕಿಕೊಳ್ಳಲಿಲ್ಲ.

ಇಂಗಳೇಶ್ವರದ ಓಣಿಯೊಳಗೆ ಕಾರು ನಿಧಾನಕ್ಕೆ ಹೊಕ್ಕಿತು. ಟುಕ್ ಟುಕ್ ಟುಕ್. ಒಂದು ಮನೆಯ ಕದ ತೆರೆಯಿತು. ಆಮೇಲೆ ಇನ್ನೊಂದು. ನೋಡುತ್ತಿದ್ದಂತೆ ಓಣಿಯ ಎರಡೂ ಕಡೆಯಿಂದ ಹೆಂಗಸರು ಜೋಳದ ಬುಟ್ಟಿ ಹೊತ್ತು ಹೊರಗೆ ಬರತೊಡಗಿದರು. ಹದಿನೈದು ದಿನದಿಂದ ಆ ಸದ್ದಿಗೆ ಕಾದವರು, ಗಿರಣಿ ಚಾಲೂ ಆಯಿತೆಂದು ಓಡಿ ಬಂದಿದ್ದರು. ನಮ್ಮ ಕಾರಿನ ಮುಂದೆ ಬುಟ್ಟಿಗಳ ಸಾಲೇ ಆಯಿತು.

ಅವರ ನಡುವೆ, ಎರಡೂ ಕೈಯಿಂದ ತಲೆಯ ಮೇಲಿನ ಬುಟ್ಟಿ ಹಿಡಿದು, ಅವಸರದಲ್ಲಿ ಹೊಸ್ತಿಲು ದಾಟಿ ಬಂದವಳು ಗುರವ್ವ.

ಆಯಿ ತಾನೇ ಬಾಗಿಲು ತೆರೆದಳು. ಇಳಿಯಲು ಒಂದು ಕಾಲು ಹೊರಗಿಟ್ಟಳು. ಕಾಲು ನೆಲಕ್ಕೆ ತಾಗಿತು, ಮೈ ಏಳಲಿಲ್ಲ. ಅಪ್ಪ ಓಡಿ ಬರುವಷ್ಟರಲ್ಲಿ ಗುರವ್ವ ನೋಡಿಬಿಟ್ಟಿದ್ದಳು. ಆ ಕಾಲನ್ನು ನೋಡಿದಳು, ಅಕ್ಕನ ಮುಖ ನೋಡಿದಳು, ಮತ್ತೆ ಕಾಲನ್ನೇ ನೋಡಿದಳು. ಹೊರಳಿ ಹೋಗಿ ಕದ ಹಾಕಿಕೊಳ್ಳಬೇಕೆಂದರೆ ಹೊರಳಬಹುದಿತ್ತು. ಬುಟ್ಟಿಯನ್ನು ಮಣ್ಣಿನಲ್ಲಿ ಇಟ್ಟಳು.

"ಗಿರಣಿ ಹತ್ತಿತು ಅಂತ ಬಂದೆ," ಅಂದಳು. ಸಿಟ್ಟಿನ ದನಿ ತರಲು ನೋಡಿದಳು, ಬರಲಿಲ್ಲ.

"ನಂದೂ ಗಿರಣೀನ ಐತಿ," ಅಂದಳು ಆಯಿ. "ತಾ ನಿನ್ನ ಬುಟ್ಟಿ."

ಗುರವ್ವ ಕಾರಿನೊಳಗೆ ಬಗ್ಗಿ ಅಕ್ಕನ ಟೊಂಕದ ಮೇಲೆ ಕೈಯಿಟ್ಟಳು. "ಖರೇನ ಮುರದಿತ್ತೇನ ಅಕ್ಕಾ?" ಎಂದು ಒಂದೇ ಸಲ ಕೇಳಿದಳು. ಆಮೇಲೆ ಇಬ್ಬರೂ ಅದೇ ಸೀಟಿನಲ್ಲಿ ಒಬ್ಬರನ್ನೊಬ್ಬರು ಹಿಡಿದು ಅತ್ತರು. ನಾನೂ ಕಸ್ತೂರಿಯೂ ಯಾಕೆಂದು ತಿಳಿಯದೆ ಜೋರಾಗಿ ಅತ್ತೆವು.

ಬುಟ್ಟಿ ಹೊತ್ತು ಬಂದ ಹೆಂಗಸರು ಹಿಟ್ಟಿಲ್ಲದೆ ಮರಳಲು ಒಪ್ಪಲಿಲ್ಲ. ಖಾಜಾ ಕಾಕಾನನ್ನು ಸುತ್ತುಗಟ್ಟಿ ಗಿರಣಿಗೆ ಕರೆದೊಯ್ದರು. ಅವನು ಇಂಜಿನ್ನು ಸರಿ ಮಾಡಲು ಎರಡು ದಿನ ಹಿಡಿಯಿತು. ಅಷ್ಟೂ ಹೊತ್ತು ಅಕ್ಕತಂಗಿಯರು ಒಂದೇ ತಟ್ಟೆಯಲ್ಲಿ ಉಂಡರು. ಮೂರನೆಯ ದಿನ ಹೊಸ ಹಿಟ್ಟಿನ ಬಿಸಿ ರೊಟ್ಟಿ ತಿಂದು ನಾವು ಹೊರಟೆವು.

ಆ ಕಾರು ಇನ್ನೂ ಆರೇಳು ವರ್ಷ ಓಡಿತು. ಆಯಿ ಹೋದಳು, ಗುರವ್ವ ಹೋದಳು, ಖಾಜಾ ಕಾಕಾನೂ ಹೋದ. ಗಿರಣಿಯ ಜಾಗದಲ್ಲಿ ಈಗ ಮೊಬೈಲ್ ಅಂಗಡಿ ಇದೆ. ಹಿಟ್ಟು ಚೀಲದಲ್ಲಿ ಬರುತ್ತದೆ, ಅದಕ್ಕೆ ವಾಸನೆಯೇ ಇಲ್ಲ.

ಕಸ್ತೂರಿ ಮುದ್ದೇಬಿಹಾಳದಲ್ಲಿದ್ದಾಳೆ. ಮೂರು ವರ್ಷದ ಹಿಂದೆ ಒಂದು ಲಗ್ನದಲ್ಲಿ ನನ್ನ ಮಗ ಆಡಿದ ಮಾತಿಗೆ ಅವಳಿಗೆ ಬೇಜಾರಾಯಿತು, ಅವಳು ಕೊಟ್ಟ ಉತ್ತರಕ್ಕೆ ನನಗೆ ಬೇಜಾರಾಯಿತು. ಇಬ್ಬರ ಮನೆಯ ಮುಂದೂ ಕಾರುಗಳಿವೆ. ನನ್ನ ಟೊಂಕ ಗಟ್ಟಿಯಾಗಿದೆ, ಅವಳದ್ದೂ ಗಟ್ಟಿಯಾಗಿದೆ. ಮೂರು ವರ್ಷದಿಂದ ಮುಖ ನೋಡಿಲ್ಲ. ನಾಚಿಕೆಯಾಗುತ್ತದೆ ಬರೆಯಲು, ಆದರೂ ಬರೆದಿದ್ದೇನೆ.

ಮಗನ ಕಾರಿಗೆ ಸದ್ದೇ ಇಲ್ಲ. ಅವಳ ಮನೆಯ ಮುಂದೆ ಹೋಗಿ ನಿಂತರೂ ಕಸ್ತೂರಿ ಬುಟ್ಟಿ ಹೊತ್ತು ಹೊರಗೆ ಬರುವುದಿಲ್ಲ. ಅದಕ್ಕೇ ಜೋಳ ಹಸನು ಮಾಡಿ ನನ್ನ ಬುಟ್ಟಿಯನ್ನೇ ತುಂಬಿಟ್ಟಿದ್ದೇನೆ. ನಾಳೆ ಅದನ್ನು ಹೊತ್ತುಕೊಂಡು ಹೋಗಿ ಅವಳ ಕದ ನಾನೇ ಬಡಿಯುತ್ತೇನೆ.