ಮಾಸ್ಟರ್ ಮಾತು ಮೀರಲಿಲ್ಲ

ಸರೋಜಾ ಅಕ್ಕಾ, ನಿಮ್ಮ ಗಂಡ ಯಾರ ಮಾತನ್ನೂ ಮೀರಲಿಲ್ಲ. ಆ ಇಳಿಜಾರಿನಲ್ಲಿ ಇಳಿಯಬೇಡಿ ಎಂದು ಸ್ಕೀ ಕಲಿಸುವವನು ಹೇಳಿದ್ದು ನಿಜ — ಆದರೆ ಹೇಳಿದ್ದು ಹಿಂದಿಯಲ್ಲಿ. ಮಾಸ್ಟರಿಗೆ ಹಿಂದಿ ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು. ನಾನು ಅದನ್ನು ಅವರಿಗೆ ಹೇಳಲಿಲ್ಲ.

ಇಷ್ಟನ್ನು ಬರೆಯಲು ನನಗೆ ಆರು ವರ್ಷ ಬೇಕಾಯಿತು.

ತಿರುಪ್ಪೂರಿನ ನಮ್ಮ ಬನಿಯನ್ ಕಂಪನಿಯಲ್ಲಿ ಚಳಿಗಾಲ ಮಾರ್ಚ್ ತಿಂಗಳಲ್ಲೇ ಶುರುವಾಗುತ್ತಿತ್ತು. ಹೊರಗೆ ರಸ್ತೆಯ ಟಾರು ಕರಗುವ ಬಿಸಿಲು, ಒಳಗೆ ಯಾವುದೋ ದೇಶದ ಹಿಮಕ್ಕೆಂದು ದಪ್ಪ ಅಂಗಿ. ಖರೀದಿದಾರರ ಜೊತೆ ಪತ್ರ ವ್ಯವಹಾರ ನನ್ನದು. ಅವರು ಕೇಳಿದ ಅಳತೆಗೆ ಮೊದಲ ತುಂಡು ಕತ್ತರಿಸಿ ಹೊಲಿಸುವುದು ರಂಗಸ್ವಾಮಿ ಮಾಸ್ಟರದು. ದಾವಣಗೆರೆಯಿಂದ ಬಂದ ನನಗೆ ಆ ಊರಲ್ಲಿ ಕನ್ನಡ ಮಾತಾಡಲು ಸಿಕ್ಕವರು ಅವರೊಬ್ಬರೇ. ಆ ವರ್ಷ ಆರ್ಡರಿನ ಹಿಂದೆ ಆರ್ಡರು ಬಂದು, ನಮ್ಮ ಚಳಿಗಾಲ ಡಿಸೆಂಬರಿಗೂ ಮುಗಿಯಲಿಲ್ಲ. ಉಸಿರಾಡಿದರೆ ಮೂಗಿನಲ್ಲಿ ನೂಲಿನ ಧೂಳು. ಎಲ್ಲಾದರೂ ಹೋಗಿಬರೋಣ, ನಿಜವಾದ ಹಿಮಕ್ಕೇ ಹೋಗಿಬರೋಣ ಎಂದವನು ನಾನು.

"ಹೌದು ತಂಬಿ," ಅಂದರು, ಹಿಮಕ್ಕೆ ನಿಮ್ಮ ಕಡೆಯ ಮಾತು ಬಳಸಿ. "ಇಪ್ಪತ್ತು ವರ್ಷ ಆ ಪನಿಗೆ ಬಟ್ಟೆ ಕತ್ತರಿಸಿದೀನಿ. ಪನಿ ಹೆಂಗೈತೆ ಅಂತ ಒಂದು ತಡವೆ ಕಣ್ಣಲ್ಲಿ ನೋಡ್ಬೇಕಲ್ಲ?"

ತಾವೇ ಕತ್ತರಿಸಿದ ಸ್ಯಾಂಪಲ್ ತೊಟ್ಟುಕೊಂಡು ಬಂದರು — ನಿಮಗೆ ನೆನಪಿರಬೇಕು, ಬೂದು ಬಣ್ಣದ್ದು. ಹಿಮಾಚಲದಲ್ಲಿ ಮೊದಲ ಸಲ ಹಿಮ ಮುಟ್ಟಿದಾಗ ಅವರು ನೋಡಿದ್ದು ಹಿಮವನ್ನಲ್ಲ. ಬಗ್ಗಿದಾಗ ಬೆನ್ನ ಹಿಂದೆ ಅಂಗಿ ಮೇಲೇರುತ್ತದೆಯೇ ಎಂದು. "ಅರ್ಧ ಇಂಚು ಉದ್ದ ಸೇರಿಸ್ಬೇಕು, ಬರ್ಕೋ," ಅಂದರು.

ಅಲ್ಲಿ ನಾನೇ ಅವರ ಕಿವಿ. ಊಟಕ್ಕೆ ಏನಿದೆ, ಬಿಸಿನೀರು ಎಲ್ಲಿದೆ, ಸ್ಕೀ ಹಲಗೆಗೆ ಕಾಲು ಹೇಗೆ ಬಿಗಿಯಬೇಕು — ಎಲ್ಲವನ್ನೂ ನಾನೇ ಹೇಳಬೇಕು. ಒಂದು ಹೇಳಿದರೆ ಅವರಿಂದ ನಾಲ್ಕು ಪ್ರಶ್ನೆ. ಯಾಕೆ? ಎಷ್ಟು ದೂರ? ಜಾರಿದರೆ ಯಾವ ಕಡೆ ಬೀಳಬೇಕು? ಎಚ್ಚರದ ಮನುಷ್ಯ ಅಕ್ಕಾ, ಅವರು. ಎರಡು ಸಲ ಅಳೆಯದೆ ಕತ್ತರಿ ಇಟ್ಟವರಲ್ಲ. ನಾಲ್ಕನೆಯ ದಿನದ ಹೊತ್ತಿಗೆ ನನಗೆ ಸಾಕಾಗಿತ್ತು. ಇದನ್ನು ನೆವ ಎಂದು ಬರೆಯುತ್ತಿಲ್ಲ — ಸಾಕಾಗಿತ್ತು ಎಂಬುದೇ ನನ್ನ ತಪ್ಪಿನ ಮೊದಲ ಅರ್ಧ.

ಅದು ಕೊನೆಯ ದಿನ. ಬೆಳಿಗ್ಗೆ ಮೇಲಿನ ಇಳಿಜಾರಿನಿಂದ ಒಮ್ಮೆ ಚೆನ್ನಾಗಿಯೇ ಇಳಿದಿದ್ದರು. ನಾನು ವಿಡಿಯೊ ತೆಗೆದಿರಲಿಲ್ಲ. ಮಧ್ಯಾಹ್ನ ಇನ್ನೊಮ್ಮೆ ಅವರನ್ನು ಮೇಲಕ್ಕೆ ಕರೆದುಕೊಂಡು ಹೋದೆ. ಅವರು ಹಲಗೆ ಬಿಗಿದುಕೊಳ್ಳುವಾಗಲೇ ನನ್ನ ಫೋನಿನಲ್ಲಿ ವಿಡಿಯೊ ಓಡುತ್ತಿತ್ತು. ಕಲಿಸುವವನು ಇನ್ನೊಬ್ಬನನ್ನು ಕಾಲುದಾರಿಯಲ್ಲಿ ಕೆಳಗೆ ಕರೆದೊಯ್ಯುತ್ತಿದ್ದ. ನಮ್ಮನ್ನು ನೋಡಿ ನಿಂತ. ಬಿಸಿಲು ಗುಡ್ಡದ ಹಿಂದಕ್ಕೆ ಹೋಗಿದೆ, ನೆರಳು ಬಿದ್ದ ಹಿಮ ಗಾಜಾಗುತ್ತದೆ, ಹೊಸಬರಿಗೆ ಹಲಗೆ ನಿಲ್ಲುವುದಿಲ್ಲ, ಕೆಳಗೆ ಬಂಡೆಗಳಿವೆ, ಇವತ್ತಿಗೆ ಸಾಕು, ಹಲಗೆ ಬಿಚ್ಚಿ ನಡೆದು ಬನ್ನಿ ಎಂದ. ನಾನು "ಸರಿ" ಎಂದೆ. ಅವನು ತಿರುವಿನಲ್ಲಿ ಮರೆಯಾದ.

"ಏನಂತಾರೆ ತಂಬಿ?"

"ಹುಷಾರಾಗಿ ಇಳೀರಿ ಅಂತಾರೆ ಮಾಸ್ಟರ್."

"ಅಷ್ಟುದ್ದ ಮಾತಿಗೆ ಇಷ್ಟೇ ಅರ್ಥವಾ?" ನಕ್ಕರು.

"ಅಷ್ಟೇ ಮಾಸ್ಟರ್."

ಹೇಳಿದ್ದರೆ ಅಲ್ಲೇ ಕೂತು ಹಲಗೆ ಬಿಚ್ಚುತ್ತಿದ್ದರು. ಅದು ಗೊತ್ತಿದ್ದೇ ಹೇಳಲಿಲ್ಲ. ಬೆಳಿಗ್ಗೆ ಇಳಿದವರು ಈಗ ಇಳಿಯಲಾರರೇ, ಕಲಿಸುವವರು ಹೀಗೇ ಹೆದರಿಸುತ್ತಾರೆ ಎಂದುಕೊಂಡೆ. ನನಗೆ ಆ ವಿಡಿಯೊ ಬೇಕಿತ್ತು — ಧರಣಿಗೆ ಅವಳ ಅಪ್ಪನನ್ನು ತೋರಿಸಲು ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನನಗೇ ಬೇಕಿತ್ತು.

ಅವರು ಹೊರಟರು. ಮೊದಲ ತಿರುವಿನಲ್ಲಿ ಹಲಗೆಯಿಂದ ತಗಡು ಕೆರೆದಂಥ ಸದ್ದು ಬಂತು. ಬೆಳಿಗ್ಗೆ ಆ ಸದ್ದಿರಲಿಲ್ಲ. ಕಲಿಸಿದಂತೆಯೇ ಪಕ್ಕಕ್ಕೆ ಬೀಳಲು ನೋಡಿದರು. ಬಿದ್ದರು ಕೂಡ. ಆದರೆ ಬಿದ್ದ ಮೇಲೂ ನಿಲ್ಲಲಿಲ್ಲ — ಆ ಬೂದು ಬಣ್ಣ ಬಿಳಿಯ ಮೇಲೆ ಜಾರುತ್ತಾ, ಜಾರುತ್ತಾ, ಬಂಡೆಗಳ ಕಡೆಗೆ... ಈಗಲೂ ಸಿಂಗಾನಲ್ಲೂರಿನ ನಿಲ್ದಾಣದಲ್ಲಿ ಬಸ್ಸು ಬ್ರೇಕ್ ಹಾಕಿದರೆ ಆ ಸದ್ದು ಕೇಳಿ ಕಂಬಿ ಹಿಡಿದುಕೊಳ್ಳುತ್ತೇನೆ.

ಮಾಸ್ಟರ್ ಇನ್ನಿಲ್ಲ ಎಂದು ಆಸ್ಪತ್ರೆಯ ಜಗಲಿಯಿಂದ ನಾನೇ ನಿಮಗೆ ಫೋನ್ ಮಾಡಿದೆ. ಅತ್ತು ಮುಗಿಸಿ ನೀವು ಕೇಳಿದ್ದು ಒಂದೇ: "ಬೇಡ ಅಂತ ಯಾರೂ ಒಂದು ವಾರ್ತೆ, ಒಂದು ಮಾತು ಹೇಳ್ಲಿಲ್ವಾ ತಂಬಿ?"

ಕಲಿಸುವವನು ನನ್ನ ಎದುರೇ ನಿಂತಿದ್ದ. ನಾನು ಹೇಳಿದ್ದೆ ತಾನೇ ಎಂದು ಅವನ ಕಣ್ಣೂ ಕೇಳುತ್ತಿತ್ತು. "ಹೇಳಿದ್ರು ಅಕ್ಕಾ. ಮಾಸ್ಟರ್ ಮಾತು ಮೀರಿ ಹೋದ್ರು," ಎಂದೆ.

ಮೊದಲನೆಯದು ಸೋಮಾರಿತನ ಎನ್ನಬಹುದೇನೋ. ಇದಕ್ಕೆ — ಇದಕ್ಕೆ ನನ್ನ ಬಳಿ ಹೆಸರಿಲ್ಲ. ಆಗ ನನ್ನ ಫೋನ್ ಆಫ್ ಆಗಿತ್ತು, ವಿಡಿಯೊ ಇಲ್ಲ ಎಂದೂ ಹೇಳಿದೆ. ಆಗಿರಲಿಲ್ಲ.

ಹೋದ ತಿಂಗಳು ಸಿರುಮುಗೈಯ ನಿಮ್ಮ ಮನೆಗೆ ಬಂದಾಗ ನೀವು ಮಗ್ಗದಲ್ಲಿ ಕೂತಿದ್ದಿರಿ. ಧರಣಿ ಕಾಲೇಜಿನ ಗೆಳತಿಯರ ಜೊತೆ ವಾಲ್ಪಾರೈ ಬೆಟ್ಟಕ್ಕೆ ಹೋಗಿಬರುತ್ತೇನೆ ಎಂದು ಕೇಳಿದಳು. ನೀವು ಲಾಳಿ ನಿಲ್ಲಿಸದೆ, "ನಿಮ್ಮಪ್ಪನ ಮಾದಿರಿ ಪಿಡಿವಾದ ಮಾಡ್ಬೇಡ. ಹೇಳಿದ್ದು ಕೇಳದೆ ಹೋಗಿ ಏನಾಯ್ತು, ನೋಡಿದಿಯಲ್ಲ?" ಅಂದಿರಿ. ಅವಳು ಗೋಡೆಯ ಫೋಟೊಕ್ಕೆ ತಿರುಗಿ, "ನಿಮ್ಮಿಂದ ನಾನು ಎಲ್ಲೂ ಹೋಗಕ್ಕಾಗಲ್ಲ ಅಪ್ಪಾ," ಎಂದಳು. ನೀವು ಕೊಟ್ಟ ಕಾಫಿ ನನ್ನ ಕೈಯಲ್ಲಿತ್ತು. ಅದನ್ನು ಪೂರ್ತಿ ಕುಡಿದೆ. ಲೋಟ ಕೆಳಗಿಟ್ಟು ಬಸ್ಸು ಹತ್ತಿದೆ.

ಈಗ ಬರೆಯುವಾಗಲೂ ನನ್ನ ಹೇಡಿತನ ಬಿಟ್ಟಿಲ್ಲ ಅಕ್ಕಾ. ನಿಮ್ಮ ಮನೆಯಲ್ಲಿ ಎಲ್ಲರೂ ಕನ್ನಡ ಮಾತಾಡುತ್ತೀರಿ, ಆದರೆ ಕಲಿತದ್ದು ತಮಿಳು ಶಾಲೆಯಲ್ಲಿ, ಯಾರಿಗೂ ಕನ್ನಡ ಓದಲು ಬರುವುದಿಲ್ಲ. ಅದು ಗೊತ್ತಿರುವುದರಿಂದಲೇ ನನ್ನ ಕೈ ಇಷ್ಟು ಸಲೀಸಾಗಿ ಓಡಿತು.

ಆದ್ದರಿಂದ ಈ ಭಾನುವಾರ ಬಂದು, ನಿಮಗೂ ಧರಣಿಗೂ ನಾನೇ ಓದಿ ಹೇಳುತ್ತೇನೆ. ವಿಡಿಯೊದಲ್ಲಿ ಅವರು ಹೊರಡುವ ಮುಂಚಿನ ಭಾಗವನ್ನಷ್ಟೇ ಬೇರೆ ಮಾಡಿ ತರುತ್ತೇನೆ. ಅದರಲ್ಲಿ ಆ ಹಿಂದಿ ಮಾತಿದೆ, ನಾನು ಹೇಳಿದ ಸುಳ್ಳಿದೆ. ಅದರ ಅರ್ಥ ನನ್ನನ್ನು ಕೇಳಬೇಡಿ. ಹಿಂದಿ ಬಲ್ಲ ಬೇರೆ ಯಾರನ್ನಾದರೂ ಕರೆಸಿ. ಆಮೇಲೆ ನೀವು ಬಾಗಿಲು ತೋರಿಸಿದರೆ ಹೋಗುತ್ತೇನೆ.

ಕೊನೆಯಲ್ಲಿ ಅವರ ನಗು ಕೇಳುತ್ತದೆ. ಅಷ್ಟುದ್ದ ಮಾತಿಗೆ ಇಷ್ಟೇ ಅರ್ಥವಾ ಎಂದು ಕೇಳುತ್ತಾರೆ.

ಇಲ್ಲ ಮಾಸ್ಟರ್. ಇನ್ನೂ ಇತ್ತು.